ಹಡಗಿನ ಪಂಕ್ತಿಯಲ್ಲಿ ಬ್ರೆಡ್ಡು ಬೆಣ್ಣೆ

ದೊಡ್ಡ ಪ್ರಯಾಣಿಕ ಹಡಗುಗಳ ಭೋಜನಶಾಲೆಯ ವರ್ಣನೆಯನ್ನು ನೀವು ಓದಿರಬಹುದು. ಚಿತ್ರಗಳಲ್ಲಿ ನೋಡಿಯೂ ಇರಬಹುದು. ಬಿಳಿಯ ಹಾಸು ಹೊದಿಸಿದ ಮೇಜುಗಳು, ಮಡಿಸಿ ನಿಲ್ಲಿಸಿದ ಕೈವಸ್ತ್ರಗಳು, ಸಾಲಾಗಿ ಜೋಡಿಸಿದ ಚಮಚ, ಮುಳ್ಳುಚಮಚ, ಚಾಕುಗಳು. ಇವುಗಳ ಎಡಗಡೆಗೆ ಒಂದು ಸಣ್ಣ ತಟ್ಟೆ, ಅದರ ಮೇಲೆ ಮೊಂಡಾದ ಒಂದು ಪುಟ್ಟ ಚಾಕು. ಊಟದ ಮೊದಲ ಭಕ್ಷ್ಯ ಬರುವುದಕ್ಕೆ ಮುಂಚೆಯೇ ಆ ತಟ್ಟೆಗೆ ಬೆಚ್ಚಗಿನ ಸಣ್ಣ ಬ್ರೆಡ್ಡೊಂದು ಬಂದು ಕೂರುತ್ತದೆ, ಜೊತೆಗೆ ಒಂದು ತುಣುಕು ಬೆಣ್ಣೆ. ನಮ್ಮ ಪಂಕ್ತಿಯಲ್ಲಿ ಎಲೆಯ ತುದಿಗೆ ಉಪ್ಪು ಬೀಳುವುದಿಲ್ಲವೆ, ಹಾಗೆ. ಉಪ್ಪನ್ನು ಯಾರೂ ಹೊಗಳುವುದಿಲ್ಲ. ಆದರೆ ಅದು ಬೀಳದೆ ಬಡಿಸುವುದು ಮೊದಲಾಗುವುದೂ ಇಲ್ಲ.

ಇಷ್ಟು ಸಣ್ಣ ವಸ್ತುವಿಗೆ ಒಂದು ಲೇಖನವೇ ಎಂದು ನೀವು ಕೇಳಬಹುದು. ಸಮುದ್ರದ ನಡುವೆ ಅಂಗಡಿಯಿಲ್ಲ, ಹೊಲವಿಲ್ಲ, ಕೊಟ್ಟಿಗೆಯಿಲ್ಲ. ಅಲ್ಲಿ ಹದವಾದ ಬ್ರೆಡ್ಡೂ ಕೆಡದ ಬೆಣ್ಣೆಯೂ ಪ್ರತಿಯೊಬ್ಬನ ಮುಂದೆಯೂ ಬಂದು ನಿಲ್ಲುವಂತಾಗಲು ಬಹಳ ಕಾಲ ಹಿಡಿಯಿತು. ಹಡಗಿನಲ್ಲಿ ಹತ್ತಿದವರನ್ನು ಹಸಿವಿನಿಂದ ಇರಗೊಡುವುದಿಲ್ಲವೆಂಬ ಮಾತನ್ನು ಆ ಸಣ್ಣ ತಟ್ಟೆ ಬಾಯಿಬಿಡದೆ ಹೇಳುತ್ತದೆ.

ಹಾಯಿಹಡಗುಗಳ ಕಾಲದಲ್ಲಿ ಈ ಮಾತು ಅಷ್ಟು ಮೃದುವಾಗಿರಲಿಲ್ಲ. ಹದಿನೆಂಟನೆಯ ಶತಮಾನದ ಬ್ರಿಟಿಷ್ ನೌಕಾಪಡೆಯಲ್ಲಿ ಒಬ್ಬ ನಾವಿಕನಿಗೆ ವಾರಕ್ಕೆ 7 ಪೌಂಡು ಬ್ರೆಡ್ಡು, 6 ಔನ್ಸು ಬೆಣ್ಣೆ ಎಂದು ಗೊತ್ತುಮಾಡಿದ್ದರು. ಕಾಗದದ ಮೇಲೆ ಬ್ರೆಡ್ಡು. ಕೈಗೆ ಬರುತ್ತಿದ್ದುದು ಕಲ್ಲಿನಂಥ ಬಿಸ್ಕತ್ತು. ಹಿಟ್ಟನ್ನು ನೀರಿನಲ್ಲಿ ಕಲಸಿ, ಬೇಯಿಸಿ, ತೇವವೆಲ್ಲ ಹೋಗುವವರೆಗೆ ಒಣಗಿಸಿದ ಪದಾರ್ಥ ಅದು. ತೇವ ಇಲ್ಲದಿದ್ದರೆ ಬೂಷ್ಟು ಹಿಡಿಯುವುದಿಲ್ಲ, ತಿಂಗಳುಗಟ್ಟಲೆ ಇಡಬಹುದು. ಆದರೆ ಹುಳುವಿಗೆ ಈ ಕಟ್ಟಳೆ ತಿಳಿಯದು. ತಿನ್ನುವ ಮುಂಚೆ ಬಿಸ್ಕತ್ತನ್ನು ಮೇಜಿಗೆ ಕುಟ್ಟಿ ಹುಳು ಉದುರಿಸುವುದು ನಾವಿಕರಿಗೆ ರೂಢಿಯಾಗಿತ್ತು. ಮರದ ಹಡಗಿನಲ್ಲಿ ಬೆಂಕಿಯ ಭಯ, ಸಿಹಿನೀರಿಗೆ ಅಳತೆ, ಸೌದೆಗೆ ಅಭಾವ. ಹೀಗಿರುವಾಗ ದಿನವೂ ಬ್ರೆಡ್ಡು ಸುಡುವ ಮಾತೆಲ್ಲಿ?

ಬೆಣ್ಣೆಯ ಪಾಡು ಇನ್ನೂ ಕಷ್ಟ. ನಮ್ಮ ಮನೆಯ ಹೆಂಗಸರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಬೆಣ್ಣೆಯಲ್ಲಿ ನೂರಕ್ಕೆ ಸುಮಾರು 80 ಪಾಲು ಕೊಬ್ಬು. ಉಳಿದುದರಲ್ಲಿ ಬಹುಪಾಲು ನೀರು, ಜೊತೆಗೆ ಸ್ವಲ್ಪ ಹಾಲಿನ ಅಂಶ. ಕೆಡುವ ದಾರಿ ಇಲ್ಲಿಯೇ ಇದೆ. ಅದನ್ನು ಕಾಯಿಸಿ ನೀರನ್ನು ಇಂಗಿಸಿ ಗಸಿಯನ್ನು ಸೋಸಿಬಿಟ್ಟರೆ ತುಪ್ಪವಾಗುತ್ತದೆ. ತುಪ್ಪ ಬಹುಕಾಲ ತಡೆಯುತ್ತದೆ. ಬ್ರಿಟಿಷ್ ಹಡಗುಗಳಲ್ಲಿ ದುಡಿಯುತ್ತಿದ್ದ ಭಾರತೀಯ ಖಲಾಸಿಗಳ ಪಡಿಯಲ್ಲಿ ಅಕ್ಕಿ, ಬೇಳೆಗಳ ಜೊತೆಗೆ ತುಪ್ಪ ಸೇರಿದ್ದುದಕ್ಕೆ ರುಚಿಯೊಂದೇ ಕಾರಣವಲ್ಲ. ಐರೋಪ್ಯರು ಬೆಣ್ಣೆಗೆ ಉಪ್ಪು ತುಂಬಿ ಮರದ ಪೀಪಾಯಿಗಳಲ್ಲಿ ಒಯ್ಯುತ್ತಿದ್ದರು. ಸೆಕೆಯ ಕಡಲುಗಳಿಗೆ ಬರುವ ವೇಳೆಗೆ ಅದು ಮುಗ್ಗಲು ವಾಸನೆಗೆ ತಿರುಗುತ್ತಿತ್ತು.

ಉಗಿಹಡಗು ಬಂದ ಮೇಲೆ ಪರಿಸ್ಥಿತಿ ಬದಲಾಯಿತು. 1840ರಲ್ಲಿ ಕ್ಯೂನಾರ್ಡ್ ಕಂಪೆನಿಯ 'ಬ್ರಿಟಾನಿಯ' ಹಡಗು ಅಟ್ಲಾಂಟಿಕ್ ದಾಟಿದಾಗ, ಹಾಲಿಗಾಗಿ ಒಂದು ಜೀವಂತ ಹಸುವನ್ನೇ ಹತ್ತಿಸಿಕೊಂಡಿತ್ತು. ಪ್ರಯಾಣದ ಅವಧಿ ತಿಂಗಳುಗಳಿಂದ ವಾರಗಳಿಗೆ ಇಳಿಯಿತು. ಮರದ ಬದಲು ಕಬ್ಬಿಣದ ಒಡಲು ಬಂತು, ದೊಡ್ಡ ಒಲೆಗಳು ಬಂದವು, ಕೊನೆಗೆ ಶೀತಲ ಕೊಠಡಿಗಳೂ ಬಂದವು. ಇವು ಕೂಡಿದ ಮೇಲೆಯೇ ಬ್ರೆಡ್ಡು ಬೆಣ್ಣೆ ಎಂಬ ಜೋಡಿ ಕಡಲ ಮೇಲೆ ನೆಮ್ಮದಿಯಾಗಿ ಸಂಸಾರ ಹೂಡಿತು.

ಅದರ ಬೆಲೆಯನ್ನು ತಿಳಿಯಬೇಕಾದರೆ 1912ರ ಏಪ್ರಿಲ್ 14ರಂದು 'ಟೈಟಾನಿಕ್' ಹಡಗಿನಲ್ಲಿ ಅಚ್ಚಾದ ಊಟದ ಪಟ್ಟಿಗಳನ್ನು ಪಕ್ಕಪಕ್ಕಕ್ಕೆ ಇಟ್ಟು ನೋಡಬೇಕು. ಮೊದಲ ದರ್ಜೆಯ ರಾತ್ರಿಯ ಊಟದ ಪಟ್ಟಿಯಲ್ಲಿ ಸಿಂಪಿಯಿಂದ ಹಿಡಿದು ಐಸ್‌ಕ್ರೀಮಿನವರೆಗೆ ಎಲ್ಲವೂ ಇದೆ, ಬ್ರೆಡ್ಡಿನ ಹೆಸರಿಲ್ಲ. ಅದು ಬರುವುದೇ ಸರಿ, ಹೇಳುವುದೇನು ಎಂಬ ಭಾವ. ಮೂರನೆಯ ದರ್ಜೆಯ ಪಟ್ಟಿಯಲ್ಲಾದರೋ ಬೆಳಗಿನ ಉಪಾಹಾರಕ್ಕೊಮ್ಮೆ, ಸಂಜೆಯ ಚಹಾಕ್ಕೊಮ್ಮೆ, ತಾಜಾ ಬ್ರೆಡ್ಡು ಮತ್ತು ಬೆಣ್ಣೆ ಎಂದು ಬಿಡಿಸಿ ಬರೆದಿದೆ. ಊರು ಬಿಟ್ಟು ಅಮೆರಿಕಕ್ಕೆ ಹೊರಟ ಬಡ ಕುಟುಂಬಗಳಿಗೆ ಆ ಎರಡು ಪದಗಳೇ ಒಂದು ಆಶ್ವಾಸನೆ.

ಅದೇ ರಾತ್ರಿ ಹಡಗು ಮಂಜುಗಡ್ಡೆಗೆ ತಗಲಿತು. ಮುಖ್ಯ ಬೇಕರಿಗಾರ ಚಾರ್ಲ್ಸ್ ಜೌಕಿನ್ ತನ್ನ ಕೈಕೆಳಗಿನ 13 ಮಂದಿಯನ್ನು ಕರೆದು, ತಲೆಗೆ ನಾಲ್ಕರಂತೆ ಬ್ರೆಡ್ಡು ಹೊರಿಸಿ, ಪ್ರಾಣರಕ್ಷಕ ದೋಣಿಗಳಿಗಾಗಿ ಮೇಲಕ್ಕೆ ಕಳುಹಿಸಿದನು. ಬದುಕಿ ಉಳಿದ ಆತ ಮುಂದೆ ನಡೆದ ವಿಚಾರಣೆಯಲ್ಲಿ ಇದನ್ನು ಹೇಳಿದ್ದಾನೆ. ಹಡಗು ಮುಳುಗುವ ಹೊತ್ತಿನಲ್ಲಿಯೂ ಬೇಕರಿಯವನಿಗೆ ತನ್ನ ಕರ್ತವ್ಯ ಏನೆಂಬುದು ಮರೆತಿರಲಿಲ್ಲ.

ಇನ್ನು ನಮ್ಮ ಕಡೆಯ ಮಾರ್ಗಕ್ಕೆ ಬರೋಣ. ಬೊಂಬಾಯಿಯಿಂದ ಇಂಗ್ಲೆಂಡಿಗೆ ಹೋಗುತ್ತಿದ್ದ ಪಿ. ಅಂಡ್ ಓ. ಕಂಪೆನಿಯ ಹಡಗುಗಳಲ್ಲಿ ಅಡಿಗೆಮನೆ ಮತ್ತು ಭೋಜನಶಾಲೆಯ ಕೆಲಸಗಳಲ್ಲಿ ಗೋವೆಯವರು ಬಹುಸಂಖ್ಯೆಯಲ್ಲಿದ್ದರು. ನಮ್ಮ ಕಾರವಾರದ ನೆರೆಯ ಜನ, ಕೊಂಕಣಿ ಮಾತನಾಡುವವರು. ಪೋರ್ಚುಗೀಸರಿಂದ ಬ್ರೆಡ್ಡಿನ ಕೆಲಸವನ್ನು ಕಲಿತು ಅದನ್ನು ತಮ್ಮದಾಗಿ ಮಾಡಿಕೊಂಡ ನಾಡು ಅದು.

1888ರ ಸೆಪ್ಟೆಂಬರಿನಲ್ಲಿ ಅದೇ ಬೊಂಬಾಯಿಯಿಂದ ಹೊರಟ ಹಡಗೊಂದರಲ್ಲಿ ಹದಿನೆಂಟು ವರ್ಷದ ಮೋಹನದಾಸ ಗಾಂಧಿಯವರಿದ್ದರು. ಚಾಕು ಮುಳ್ಳುಚಮಚಗಳನ್ನು ಹಿಡಿಯುವ ಕ್ರಮ ಅವರಿಗೆ ಗೊತ್ತಿರಲಿಲ್ಲ. ಯಾವ ಭಕ್ಷ್ಯದಲ್ಲಿ ಮಾಂಸವಿಲ್ಲವೆಂದು ಕೇಳಲು ಧೈರ್ಯ ಸಾಲಲಿಲ್ಲ. ಪಂಕ್ತಿಗೆ ಹೋಗದೆ, ಮನೆಯಿಂದ ತಂದ ಸಿಹಿತಿಂಡಿ ಹಣ್ಣುಗಳನ್ನೇ ಬಹುಮಟ್ಟಿಗೆ ತಮ್ಮ ಕೊಠಡಿಯಲ್ಲಿ ತಿಂದು ದಿನ ಕಳೆದರು. ಲಂಡನ್ನಿಗೆ ಹೋದಮೇಲೂ ಎರಡು ಮೂರು ಚೂರು ಬ್ರೆಡ್ಡಿಗಿಂತ ಹೆಚ್ಚು ಕೇಳಲು ಸಂಕೋಚಪಟ್ಟು ಅರೆಹೊಟ್ಟೆಯಲ್ಲಿದ್ದುದನ್ನು ಆತ್ಮಕಥೆಯಲ್ಲಿ ಬರೆದಿದ್ದಾರೆ. ಬಡಿಸುವವರು ಇದ್ದರೂ ಕೇಳುವ ಬಾಯಿ ಇಲ್ಲದಿದ್ದರೆ ಹೊಟ್ಟೆ ತುಂಬದು.

ಆದುದರಿಂದ ಕ್ರಮವನ್ನು ಸ್ವಲ್ಪ ತಿಳಿದಿಟ್ಟುಕೊಳ್ಳೋಣ. ಎಡಗಡೆಯ ಸಣ್ಣ ತಟ್ಟೆ ನಿಮ್ಮದು; ಬಲಗಡೆಯದು ನೆರೆಯವರದು. ಬಡಿಸುವವನು ಬುಟ್ಟಿಯಿಂದ ಇಕ್ಕಳದಲ್ಲಿ ಬ್ರೆಡ್ಡು ಎತ್ತಿಡುತ್ತಾನೆ. ಬೆಣ್ಣೆ ಮೇಜಿನ ನಡುವೆ ಇದ್ದರೆ ಮೊದಲು ನಿಮ್ಮ ತಟ್ಟೆಗೆ ಸ್ವಲ್ಪ ತೆಗೆದುಕೊಳ್ಳಿ. ಬ್ರೆಡ್ಡನ್ನು ಚಾಕುವಿನಿಂದ ಕೊಯ್ಯುವುದಿಲ್ಲ; ಕೈಯಿಂದಲೇ ಒಂದು ತುತ್ತಿನಷ್ಟು ಮುರಿದು, ಆ ತುತ್ತಿಗೆ ಮಾತ್ರ ಬೆಣ್ಣೆ ಸವರಿ ತಿನ್ನುತ್ತಾರೆ. ಕೈಯಲ್ಲಿ ಉಣ್ಣುವ ನಮಗೆ ಇದೇನೂ ಹೊಸ ವಿದ್ಯೆಯಲ್ಲ. ಸಸ್ಯಾಹಾರಿಗಳು ಒಂದು ಪ್ರಶ್ನೆಯನ್ನು ಕೇಳಲೇಬೇಕು: ಕೆಲವು ಬಗೆಯ ಬ್ರೆಡ್ಡುಗಳಿಗೆ ಮೊಟ್ಟೆ ಅಥವಾ ಪ್ರಾಣಿಗಳ ಕೊಬ್ಬು ಸೇರಿರುತ್ತದೆ.

ಸಣ್ಣ ಬ್ರೆಡ್ಡನ್ನೇ ಏಕೆ ಬಡಿಸುತ್ತಾರೆ? ಅದು ಬೇಗ ಬೇಯುತ್ತದೆ, ತಲೆಗೊಂದೆಂದು ಲೆಕ್ಕ ಸಿಗುತ್ತದೆ, ಕೊಯ್ದು ಒಣಗುವ ಭಯವಿಲ್ಲ. ಸಮುದ್ರದ ಗಾಳಿಯ ತೇವಕ್ಕೆ ಗರಿಗರಿಯಾದ ಹೊರಪದರ ಬೇಗನೆ ತೊಗಲಿನಂತಾಗುತ್ತದೆ. ಆದ್ದರಿಂದ ಬೇಕರಿಯವರು ರಾತ್ರಿಯೆಲ್ಲ ಎದ್ದಿದ್ದು ಹಿಟ್ಟು ನಾದಿ, ಹದವಾದ ಕಾವಿನ ಕಪಾಟಿನಲ್ಲಿ ಉಬ್ಬಲು ಬಿಟ್ಟು, ಊಟದ ಹೊತ್ತಿಗೆ ಸರಿಯಾಗಿ ಸುಡುತ್ತಾರೆ. ಬೆಣ್ಣೆಯನ್ನು ಹಿಂದೆ ಗೀರುಗಳಿರುವ ಎರಡು ಮರದ ಹಲಗೆಗಳ ನಡುವೆ ಹೊರಳಿಸಿ ಗೋಲಿಯಂತೆ ಮಾಡಿ ಮಂಜಿನ ನೀರಿನಲ್ಲಿ ಇಡುತ್ತಿದ್ದರು. ತೀರ ತಣ್ಣಗಿದ್ದರೆ ಸವರಲು ಬಾರದು, ಬೆಚ್ಚಗಾದರೆ ಕರಗುತ್ತದೆ. ಈ ಎರಡರ ನಡುವಣ ಹದದಲ್ಲಿ ಬಡಿಸುವವನ ಜಾಣತನವಿದೆ. ಹಡಗು ತೂಗಾಡುವಾಗ ಮೇಜಿನ ಅಂಚಿಗೆ ತಡೆಪಟ್ಟಿಗಳನ್ನು ಏರಿಸಿ, ಹಾಸಿಗೆ ನೀರು ಚಿಮುಕಿಸುತ್ತಾರೆ. ಒದ್ದೆ ಬಟ್ಟೆಯ ಮೇಲೆ ತಟ್ಟೆ ಜಾರುವುದಿಲ್ಲ.

ಇಂದಿನ ವಿಹಾರದ ಹಡಗುಗಳ ಗಾತ್ರವೇ ಬೇರೆ. 2024ರಲ್ಲಿ ಸಂಚಾರ ತೊಡಗಿದ 'ಐಕಾನ್ ಆಫ್ ದಿ ಸೀಸ್' ಭರ್ತಿಯಾದಾಗ 7,600 ಪ್ರಯಾಣಿಕರನ್ನು ಹೊರುತ್ತದೆ. ಒಂದು ಊಟಕ್ಕೆ ತಲೆಗೆ ಎರಡೇ ಬ್ರೆಡ್ಡೆಂದರೂ 15,200 ಆಯಿತು. 10 ಗ್ರಾಂ ಬೆಣ್ಣೆಯೆಂದರೂ 76 ಕಿಲೋ. ಅದರಲ್ಲಿ ಮುಟ್ಟದೆ ಉಳಿಯುವ ಪಾಲನ್ನು ಊಹಿಸಿಕೊಳ್ಳಿ. ಒಮ್ಮೆ ಮೇಜಿಗೆ ಬಂದ ಬ್ರೆಡ್ಡನ್ನು ಶುಚಿಯ ದೃಷ್ಟಿಯಿಂದ ಇನ್ನೊಬ್ಬರಿಗೆ ಬಡಿಸುವಂತಿಲ್ಲ. ಕಡಲಿಗೆ ಸುರಿಯಲು ಅಂತರರಾಷ್ಟ್ರೀಯ ನಿಯಮಗಳ ಅಡ್ಡಿಯಿದೆ: ಸಾಮಾನ್ಯವಾಗಿ ಪುಡಿಮಾಡಿದ ಆಹಾರವನ್ನು ದಡದಿಂದ 3 ನಾವಿಕ ಮೈಲಿ, ಪುಡಿಮಾಡದ್ದನ್ನು 12 ನಾವಿಕ ಮೈಲಿ ದಾಟಿದ ಮೇಲೆಯೇ ಬಿಡಬೇಕು. ಆದಕಾರಣ ಕೆಲವು ಹಡಗುಗಳಲ್ಲಿ ಬ್ರೆಡ್ಡಿನ ಬುಟ್ಟಿ ತಾನಾಗಿ ಬರುವುದಿಲ್ಲ, ಕೇಳಿದರೆ ಬರುತ್ತದೆ. ಹಳೆಯ ಪ್ರಯಾಣಿಕರಿಗೆ ಇದು ಜಿಪುಣತನವಾಗಿ ಕಾಣುವುದುಂಟು. ಆದರೆ ರಾತ್ರಿಯೆಲ್ಲ ನಾದಿದವರ ಶ್ರಮ ಬುಟ್ಟಿಯಲ್ಲೇ ಒಣಗಿ ಹೋಗುವುದಕ್ಕಿಂತ ಇದು ಮೇಲೆಂದು ನನಗೆ ತೋರುತ್ತದೆ.

ಒಂದು ಭಯ ಮಾತ್ರ ಉಳಿಯುತ್ತದೆ. ಕೇಳಿದರೆ ಮಾತ್ರ ಕೊಡುವ ಪಂಕ್ತಿಯಲ್ಲಿ ಸಂಕೋಚದವನು, ಭಾಷೆ ಬಾರದವನು, ಮೊದಲ ಸಲ ಹಡಗು ಹತ್ತಿದವನು ಹಿಂದೆ ಬೀಳುತ್ತಾನೆ. ಬಲ್ಲ ಬಡಿಸುವವನು ಅಂಥವನ ಮುಖ ನೋಡಿಯೇ ಬುಟ್ಟಿ ತರುತ್ತಾನೆ. ಎಲ್ಲ ಕಡೆಯೂ ಅಂಥವನು ಸಿಗಲಾರ. ನಿಮಗಾಗಲಿ ನಿಮ್ಮ ಮಕ್ಕಳಿಗಾಗಲಿ ಕಡಲಯಾನದ ಯೋಗ ಬಂದರೆ, ಎಡಗಡೆಯ ಸಣ್ಣ ತಟ್ಟೆ ಬರಿದಾಗಿದ್ದಾಗ ಸುಮ್ಮನೆ ಕೂರಬೇಡಿ. ಬ್ರೆಡ್ಡೂ ಬೆಣ್ಣೆಯೂ ಬೇಕೆಂದು ತಲೆಯೆತ್ತಿ ಕೇಳಿ. ಪಕ್ಕದಲ್ಲಿ ಮಾತಾಡದೆ ಕುಳಿತವರಿದ್ದರೆ ಅವರಿಗೂ ಸೇರಿಸಿ ಕೇಳಿ. ತಟ್ಟೆಗೆ ಬಂದಷ್ಟನ್ನು ಮುಗಿಸಿ ಏಳಿ.