ಮರ ಎಷ್ಟು ಎತ್ತರ?

ನಮ್ಮ ಹಿತ್ತಲಿನ ತೆಂಗಿನ ಮರದ ಸುಳಿ ಕೊಳೆತು ವರ್ಷವಾಗಿತ್ತು. ಗರಿಗಳೆಲ್ಲ ಉದುರಿ ಬರೀ ಕಂಬದಂತೆ ನಿಂತಿತ್ತು. ಕಡಿಸಲೇಬೇಕು, ಆದರೆ ಯಾವ ಕಡೆಗೆ ಬೀಳಿಸುವುದು? ಒಂದು ಕಡೆ ಪಕ್ಕದವರ ಮನೆ, ಇನ್ನೊಂದು ಕಡೆ ಕರೆಂಟ್ ತಂತಿ, ಮತ್ತೊಂದು ಕಡೆ ನಮ್ಮದೇ ಮನೆ. ಉಳಿದದ್ದು ಕೊಟ್ಟಿಗೆಯ ದಿಕ್ಕು. ಅಲ್ಲಿ ಕರು ಹಾಕಿ ಹತ್ತು ದಿನವಾದ ಹಸು. ಮರದ ಬುಡದಿಂದ ಕೊಟ್ಟಿಗೆಯ ಗೋಡೆಗೆ ಟೇಪು ಹಿಡಿದೆವು: 54 ಅಡಿ.

“ಐವತ್ತು ಅಡಿ ಮರ ಯಜಮಾನ್ರೇ, ಆರಾಮಾಗಿ ಬೀಳುತ್ತೆ” ಎಂದರು ಮರ ಕಡಿಯಲು ಬಂದವರು.

ನನಗೆ ಧೈರ್ಯ ಬರಲಿಲ್ಲ. ನಾನು ಬಲ್ಲದ್ದು ನೆರಳಿನ ಲೆಕ್ಕ. ಮೂರಡಿ ಕೋಲಿನ ನೆರಳು ಎರಡಡಿ ಬಿದ್ದರೆ, ಅದೇ ಹೊತ್ತಿನಲ್ಲಿ ಮರದ ನೆರಳನ್ನು ಅಳೆದು ಒಂದೂವರೆ ಪಟ್ಟು ಮಾಡಿದರಾಯಿತು. ಆದರೆ ಅದು ಆಷಾಢ. ಮೂರು ದಿನದಿಂದ ಬಿಸಿಲೇ ಇರಲಿಲ್ಲ.

“ಬಿಸಿಲು ಬೇಡ ಅಜ್ಜ” ಎಂದಳು ಹತ್ತನೇ ತರಗತಿಯ ಮೊಮ್ಮಗಳು. ಕಂಪಾಸ್ ಬಾಕ್ಸಿನಿಂದ ಕೋನಮಾಪಕ ತೆಗೆದು, ಅದರ ನೇರ ಅಂಚಿಗೆ ಜ್ಯೂಸ್ ಕುಡಿಯುವ ಕೊಳವೆ ಅಂಟಿಸಿದಳು. ನಡುವಿನ ತೂತಿಗೆ ನೂಲು ಕಟ್ಟಿ, ತುದಿಗೆ ಸೈಕಲ್ಲಿನ ಒಂದು ನಟ್ಟು ನೇತುಹಾಕಿದಳು. ಮರದಿಂದ 30 ಅಡಿ ದೂರದಲ್ಲಿ ನಿಂತು ಕೊಳವೆಯೊಳಗಿಂದ ಮರದ ತುದಿ ನೋಡಿದಳು. ನೂಲು ಎಲ್ಲಿದೆ ಎಂದು ಓದುವ ಕೆಲಸ ನನ್ನದು. “ಮೂವತ್ತು” ಎಂದೆ.

ಅವಸರದಲ್ಲಿ ಅದನ್ನೇ ಹಿಡಿದು ಲೆಕ್ಕ ಮಾಡಿದಾಗ ಮರ ಬರೀ 17 ಅಡಿ ಬಂತು! ತಪ್ಪು ಹೊಳೆಯಲು ತಡವಾಗಲಿಲ್ಲ. ಕೊಳವೆ ನೆಲಕ್ಕೆ ಸಮನಾಗಿದ್ದಾಗ ನೂಲು 90 ತೋರಿಸುತ್ತದೆ. ಈಗ 30 ತೋರಿಸಿದರೆ, ಅವಳು ತಲೆ ಎತ್ತಿ ನೋಡಿದ ಕೋನ 90ರಲ್ಲಿ 30 ಕಳೆದು 60 ಡಿಗ್ರಿ.

ಮಕ್ಕಳೇ, ಇಲ್ಲೊಂದು ಲಂಬಕೋನ ತ್ರಿಭುಜವಿದೆ. ಅವಳ ಕಣ್ಣಿನಿಂದ ಕಾಂಡಕ್ಕೆ ಎಳೆದ ಮಟ್ಟಸ ಗೆರೆ ಪಾರ್ಶ್ವ ಬಾಹು, ಅದು 30 ಅಡಿ. ಎದುರಿಗಿರುವ ಮರ ಅಭಿಮುಖ ಬಾಹು. ಕಣ್ಣಿನಿಂದ ಮರದ ತುದಿಗೆ ಹೋಗುವ ಓರೆ ಗೆರೆ ವಿಕರ್ಣ. ಅಭಿಮುಖವನ್ನು ಪಾರ್ಶ್ವದಿಂದ ಭಾಗಿಸಿದರೆ ಸಿಗುವುದೇ ಟ್ಯಾನ್. 60 ಡಿಗ್ರಿಗೆ ಅದು 1.732. ಮೂವತ್ತರಿಂದ ಗುಣಿಸಿದರೆ ಸುಮಾರು 52. ನನ್ನ ಕೋಲು, ನೆರಳಿನ ಲೆಕ್ಕವೂ ಇದೇ. ಹೆಸರು ಮಾತ್ರ ನನಗೆ ಗೊತ್ತಿರಲಿಲ್ಲ.

52 ಎಂದರೆ ಎರಡಡಿ ಉಳಿಯಿತಲ್ಲ! ಗರಗಸ ಮೇಲೆದ್ದಿತು. ಆಗ ಹಿತ್ತಿಲ ಬಾಗಿಲಲ್ಲಿ ನಿಂತಿದ್ದ ನನ್ನಾಕೆ ಕೇಳಿದಳು, “ಮಗು ನೋಡಿದ್ದು ಕಣ್ಣಿಂದ ತಾನೇ? ಕಣ್ಣೇನು ಪಾದದಲ್ಲಿದೆಯಾ?”

ಎಲ್ಲರೂ ಸುಮ್ಮನಾದೆವು. ನೆಲದಿಂದ ಮೊಮ್ಮಗಳ ಕಣ್ಣಿಗೆ ನಾಲ್ಕೂವರೆ ಅಡಿ. ಅದನ್ನೂ ಕೂಡಿಸಿದರೆ ಮರದ ಎತ್ತರ 56 ಅಡಿ 6 ಅಂಗುಲ. ಕೊಟ್ಟಿಗೆಯ ಹೆಂಚು ಪುಡಿಯಾಗುತ್ತಿತ್ತು.

ತುದಿಯನ್ನು ಮೊದಲೇ ಕತ್ತರಿಸಿ ಹಗ್ಗದಲ್ಲಿ ಇಳಿಸುವುದೆಂದಾಯಿತು. ಮೊದಲ ಹಂತ ಹತ್ತಲು ಅವರು 20 ಅಡಿಯ ಏಣಿಯನ್ನು ಕಾಂಡಕ್ಕೆ ಒರಗಿಸಿ, ಅದರ ಬುಡವನ್ನು ಐದಡಿ ಆಚೆಗಿಟ್ಟರು. “ನಾಲ್ಕಕ್ಕೆ ಒಂದು. ಅದಕ್ಕಿಂತ ಹತ್ತಿರ ಇಟ್ಟರೆ ಹಿಂದಕ್ಕೆ ಮಗುಚುತ್ತೆ, ದೂರ ಇಟ್ಟರೆ ಬುಡ ಜಾರುತ್ತೆ” ಎಂದರು. ಮೊಮ್ಮಗಳು ಅಲ್ಲೂ ಬಿಡಲಿಲ್ಲ. ಈ ಸಲ ಏಣಿಯೇ ವಿಕರ್ಣ. ಪಾರ್ಶ್ವವನ್ನು ವಿಕರ್ಣದಿಂದ ಭಾಗಿಸಿದರೆ ಕೊಸೈನ್: 5ನ್ನು 20ರಿಂದ ಭಾಗಿಸಿದರೆ 0.25. ಅಂದರೆ ಕೋನ 75 ಡಿಗ್ರಿಗಿಂತ ತುಸು ಹೆಚ್ಚು. ಏಣಿಯ ಕೋನವನ್ನು ಅವರು ಕಣ್ಣಳತೆಯಲ್ಲೇ ಸರಿಯಾಗಿ ಇಟ್ಟಿದ್ದರು. ಮರದ ಎತ್ತರಕ್ಕೆ ಮಾತ್ರ ಆ ಕಣ್ಣಳತೆ ಸಾಲಲಿಲ್ಲ.

ಸಂಜೆ ಮರದ ತುಂಡುಗಳನ್ನೂ ಬುಡದ ಮೋಟನ್ನೂ ಅಳೆದೆವು. ಒಟ್ಟು 55 ಅಡಿ 8 ಅಂಗುಲ. ಹತ್ತು ಅಂಗುಲ ವ್ಯತ್ಯಾಸ ಬಂತೆಂದು ಮೊಮ್ಮಗಳಿಗೆ ಬೇಸರ. ಅಷ್ಟು ದೂರದಿಂದ ನೋಡುವಾಗ ಅರ್ಧ ಡಿಗ್ರಿ ತಪ್ಪಿದರೆ ಒಂದಡಿಯೇ ತಪ್ಪುತ್ತದೆ. ನೂಲು ಗಾಳಿಗೆ ಅಲ್ಲಾಡುತ್ತಿತ್ತು, ನನ್ನ ಕನ್ನಡಕವೂ ಹಳೆಯದು.

ಹೊರಡುವಾಗ ಮರ ಕಡಿದವರು ಮೊಮ್ಮಗಳನ್ನು ಕೇಳಿದರು, “ಅಂಥದ್ದೊಂದು ನಂಗೂ ಮಾಡ್ಕೊಡ್ತೀಯೇನವ್ವಾ?”