ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್: ಬಲಶಾಲಿ ರೇಸ್ ಆಯ್ದುಕೊಂಡರೆ ಲಾಭವೋ, ನಷ್ಟವೋ?

ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಆಟಕ್ಕೆ ಹೊಸದಾಗಿ ಕೂತವರ ಕಣ್ಣು ಮೊದಲು ಬೀಳುವುದು ಬಲಶಾಲಿ ರೇಸ್‌ಗಳ ಮೇಲೆ. ಹುಟ್ಟಿನಿಂದಲೇ ಹಾರಬಲ್ಲ ಪಕ್ಷಿಮಾನವ ಆರಕೋಕ್ರಾ, ನೆಲದಡಿಯ ಕತ್ತಲಲ್ಲೂ ಕಣ್ಣು ಕಾಣುವ ಡ್ರೌ, ಮೈಯಲ್ಲಿ ಡ್ರ್ಯಾಗನ್ ರಕ್ತ ಹರಿಯುವ ಹಾಫ್-ಡ್ರ್ಯಾಗನ್. ಇವೆಲ್ಲ ಇರುವಾಗ ಸಾಮಾನ್ಯ ಮನುಷ್ಯನ ಪಾತ್ರ ಯಾರಿಗೆ ಬೇಕು ಎನಿಸುವುದು ಸಹಜ.

ಆದರೆ ಈ ಬಲ ಪುಕ್ಕಟೆ ಸಿಗುವುದಿಲ್ಲ. ಡಂಜನ್ ಮಾಸ್ಟರ್ ಕಥೆ ನಡೆಸುತ್ತಾರೆ, ಉಳಿದವರು ತಲಾ ಒಂದು ಪಾತ್ರವಾಗಿ ದಾಳ ಉರುಳಿಸುತ್ತಾರೆ. ಇಂಥ ಒಂದು ಕಥೆ ತಿಂಗಳುಗಟ್ಟಲೆ ಸಾಗುವುದುಂಟು. ಮೊದಲ ದಿನದ ಆಯ್ಕೆ ತಪ್ಪಿದರೆ ಒಬ್ಬರು ವಾರವಾರವೂ ಕೈಕಟ್ಟಿ ಕೂರಬೇಕಾಗುತ್ತದೆ, ಇಲ್ಲವೇ ಒಬ್ಬರೇ ಮೆರೆದು ಉಳಿದವರಿಗೆ ಬೇಸರ ಹಿಡಿಯುತ್ತದೆ. ಹಾಗಾಗಿ ಆ ಬಲದ ಬೆಲೆಯನ್ನು ಯಾವಾಗ, ಹೇಗೆ ತೆರಬೇಕು ಎಂಬುದನ್ನು ಮೊದಲೇ ತಿಳಿದಿರುವುದು ಒಳ್ಳೆಯದು.

1978: ಬೆಲೆ ಕೊನೆಯಲ್ಲಿ

ಈ ಆಟ ಮೊದಲು ಪ್ರಕಟವಾದದ್ದು 1974ರಲ್ಲಿ. 1978ರ ಅಡ್ವಾನ್ಸ್ಡ್ ಆವೃತ್ತಿಯ ಆಟಗಾರರ ಕೈಪಿಡಿಯಲ್ಲಿ ಎಲ್ಫ್, ಡ್ವಾರ್ಫ್‌ಗಳಿಗೆ ವಿಶೇಷ ಶಕ್ತಿಗಳಿದ್ದವು. ಅದಕ್ಕೆ ಪ್ರತಿಯಾಗಿ ಅವುಗಳ ಬೆಳವಣಿಗೆಗೆ ಮಿತಿ ಹಾಕಲಾಗಿತ್ತು. ಎಲ್ಫ್ ಯೋಧ 7ನೇ ಲೆವೆಲ್ ದಾಟುವಂತಿರಲಿಲ್ಲ, ಮನುಷ್ಯನಿಗೆ ಅಂಥ ತಡೆ ಇರಲಿಲ್ಲ.

ಈ ನಿಯಮದಲ್ಲಿ ಒಂದು ತೊಡಕಿತ್ತು. ಕಥೆ 6ನೇ ಲೆವೆಲ್‌ನಲ್ಲೇ ನಿಂತುಹೋದರೆ ಎಲ್ಫ್ ಆಡಿದವರು ಏನನ್ನೂ ತೆರಲಿಲ್ಲ, ಬರೀ ಲಾಭವಷ್ಟೇ. ಕಥೆ ವರ್ಷಗಟ್ಟಲೆ ನಡೆದರೆ ಅದೇ ಎಲ್ಫ್ ಯೋಧ ಗೆಳೆಯರ ಹಿಂದೆ ಉಳಿದುಬಿಡುತ್ತಿದ್ದ.

2003: ಬೆಲೆ ಮೊದಲೇ

2003ರ 3.5 ಆವೃತ್ತಿಯಲ್ಲಿ ‘ಲೆವೆಲ್ ಅಡ್ಜಸ್ಟ್‌ಮೆಂಟ್’ ಎಂಬ ಲೆಕ್ಕವಿತ್ತು. ಡ್ರೌಗೆ 2, ಹಾಫ್-ಡ್ರ್ಯಾಗನ್‌ಗೆ 3. ಅಂದರೆ ತಂಡದ ಉಳಿದವರು 5ನೇ ಲೆವೆಲ್‌ನಲ್ಲಿದ್ದಾಗ ಡ್ರೌ ಪಾತ್ರಕ್ಕೆ ತನ್ನ ವೃತ್ತಿಯಲ್ಲಿ ಸಿಗುವುದು 3 ಲೆವೆಲ್ ಮಾತ್ರ.

ಒಬ್ಬ ಮಾಂತ್ರಿಕನನ್ನೇ ತೆಗೆದುಕೊಳ್ಳಿ. 5ನೇ ಲೆವೆಲ್‌ನ ಮನುಷ್ಯ ಮಾಂತ್ರಿಕ ‘ಫೈರ್‌ಬಾಲ್’ ಎಸೆದು ಶತ್ರುಗಳ ಗುಂಪನ್ನೇ ಸುಡಬಲ್ಲ. ಪಕ್ಕದಲ್ಲಿರುವ ಡ್ರೌ ಮಾಂತ್ರಿಕನಿಗೆ ಆ ಮಂತ್ರ ಇನ್ನೂ ಸಿಕ್ಕಿರುವುದಿಲ್ಲ. ಅವನ ಬುದ್ಧಿಯ ಅಂಕ 2 ಹೆಚ್ಚು, ಶತ್ರುವಿನ ಮಂತ್ರವನ್ನು ತಡೆಯುವ ಶಕ್ತಿಯೂ ಇದೆ, ನಿಜ. ಆದರೆ ಆ ತಡೆ ಗೆಳೆಯರು ಹಾಕುವ ಗಾಯ ಮಾಯಿಸುವ ಮಂತ್ರಕ್ಕೂ ಅಡ್ಡ ಬರುತ್ತದೆ. ಅದನ್ನು ತಾನೇ ಇಳಿಸಬೇಕೆಂದರೆ ಕಾಳಗದ ನಡುವೆ ತನ್ನ ಸರದಿಯ ಮುಖ್ಯ ಕ್ರಿಯೆಯನ್ನು ಅದಕ್ಕೇ ಖರ್ಚು ಮಾಡಬೇಕು. ದೇಹಬಲದ ಅಂಕ 2 ಕಡಿಮೆ, ಜತೆಗೆ ಎರಡು ಲೆವೆಲ್‌ನ ಹಿಟ್ ಪಾಯಿಂಟ್ ಇಲ್ಲ. ಹೊಡೆತ ಬಿದ್ದರೆ ಮೊದಲು ಉರುಳುವವನು ಅವನೇ.

ಯೋಧನಿಗೆ ಈ ನಷ್ಟ ಸ್ವಲ್ಪ ಕಡಿಮೆ. ಹಾಫ್-ಡ್ರ್ಯಾಗನ್‌ಗೆ ತೋಳ್ಬಲದ ಅಂಕ 8 ಹೆಚ್ಚು ಸಿಗುವುದರಿಂದ ಕತ್ತಿ ಹಿಡಿದವರಿಗೆ ಕೊಟ್ಟದ್ದರಲ್ಲಿ ಒಂದಿಷ್ಟು ಮರಳಿ ಬರುತ್ತದೆ. ಕಥೆ ಮುಂದುವರಿದಂತೆ ಹೊರೆಯೂ ಹಗುರವಾಗುತ್ತದೆ: 5ರಲ್ಲಿ 2 ಕಳೆಯುವುದಕ್ಕೂ 15ರಲ್ಲಿ 2 ಕಳೆಯುವುದಕ್ಕೂ ವ್ಯತ್ಯಾಸವಿದೆ. ಈ ಬೆಲೆ ದುಬಾರಿ ಎಂಬುದು ಆಟ ರೂಪಿಸಿದವರಿಗೂ ಗೊತ್ತಿತ್ತು. 2004ರ ‘ಅನ್‌ಅರ್ಥ್ಡ್ ಆರ್ಕೇನಾ’ ಪುಸ್ತಕದಲ್ಲಿ ಅನುಭವದ ಅಂಕ ತೆತ್ತು ಈ ಹೊರೆಯನ್ನು ಹಂತಹಂತವಾಗಿ ಇಳಿಸಿಕೊಳ್ಳುವ ಐಚ್ಛಿಕ ನಿಯಮ ಬಂತು.

2014: ಬೆಲೆ ಬಿಸಿಲಲ್ಲಿ ಮಾತ್ರ

2014ರ ಐದನೇ ಆವೃತ್ತಿಯಲ್ಲಿ ಲೆವೆಲ್ ಕಡಿತ ಇರಲಿಲ್ಲ. ಡ್ರೌಗೆ ಉಳಿದದ್ದು ಬಿಸಿಲಿನ ತೊಂದರೆ. ತಾನಾಗಲಿ ಗುರಿಯಾಗಲಿ ನೇರ ಬಿಸಿಲಲ್ಲಿದ್ದರೆ ದಾಳಿ ಮಾಡುವಾಗ 20 ಮುಖದ ದಾಳವನ್ನು ಎರಡು ಸಲ ಉರುಳಿಸಿ ಕಡಿಮೆ ಬಂದದ್ದನ್ನೇ ತೆಗೆದುಕೊಳ್ಳಬೇಕು. ಏಟು ತಾಗಲು 11 ಅಥವಾ ಹೆಚ್ಚು ಬೀಳಬೇಕು ಎಂದಿಟ್ಟುಕೊಳ್ಳಿ. ನೆರಳಲ್ಲಿ ಸಾಧ್ಯತೆ ಶೇ 50, ಬಿಸಿಲಲ್ಲಿ ಶೇ 25. ಅರ್ಧಕ್ಕರ್ಧ ಹೋಯಿತು.

ಕಥೆಯೆಲ್ಲ ಗುಹೆಯೊಳಗೆ ನಡೆದರೆ ಈ ನಿಯಮ ಲೆಕ್ಕಕ್ಕೇ ಬರುವುದಿಲ್ಲ. ಮರುಭೂಮಿಯಲ್ಲೋ ಸಮುದ್ರದ ಮೇಲೋ ನಡೆದರೆ ದಿನವೂ ಕಾಡುತ್ತದೆ. ಆರಕೋಕ್ರಾ ಕಥೆಯೂ ಹೀಗೆಯೇ. ಅದು ಮೊದಲ ಲೆವೆಲ್‌ನಿಂದಲೇ ಹಾರುತ್ತದೆ (2022ರ ಪರಿಷ್ಕರಣೆಗೆ ಮೊದಲಿನ ನಿಯಮದಲ್ಲಿ ಒಂದು ಸರದಿಗೆ 50 ಅಡಿ), ಮಧ್ಯಮ ಅಥವಾ ಭಾರದ ಕವಚ ತೊಟ್ಟರೆ ಮಾತ್ರ ಹಾರಲಾಗದು. ಬಯಲಲ್ಲಿ ಬಿಲ್ಲಿಲ್ಲದ ಶತ್ರು ಅದನ್ನು ಮುಟ್ಟಲಾರ. ತಗ್ಗು ಚಾವಣಿಯ ಸುರಂಗದಲ್ಲಿ ಅದೇ ರೆಕ್ಕೆಗೆ ಕೆಲಸವಿಲ್ಲ.

‘ಬಾಲ್ಡರ್ಸ್ ಗೇಟ್ 3’ ವಿಡಿಯೊ ಗೇಮ್ ಆಡಿ ಇತ್ತ ಬಂದವರು ಒಂದು ಮಾತು ನೆನಪಿಡಿ: 2023ರ ಆ ಗೇಮ್‌ನಲ್ಲಿ ಡ್ರೌಗೆ ಬಿಸಿಲಿನ ತೊಂದರೆ ಇಲ್ಲ. 2024ರ ಹೊಸ ಆಟಗಾರರ ಕೈಪಿಡಿಯೂ ಅದನ್ನು ಕೈಬಿಟ್ಟಿದೆ, ‘ರೇಸ್’ ಬದಲು ‘ಸ್ಪೀಶೀಸ್’ ಎಂಬ ಪದ ಬಳಸಿದೆ. ಆದರೆ ನಿಮ್ಮ ಗುಂಪು 2014ರ ಪುಸ್ತಕ ಹಿಡಿದು ಕೂತಿದ್ದರೆ ಹಳೆಯ ನಿಯಮವೇ ಅನ್ವಯ.

ಹಾಗಾದರೆ ಏನು ಮಾಡಬೇಕು?

ಪಾತ್ರ ಬರೆಯುವ ಮೊದಲು ಡಂಜನ್ ಮಾಸ್ಟರ್ ಬಳಿ ಮೂರು ಪ್ರಶ್ನೆ ಕೇಳಿ. ಯಾವ ಆವೃತ್ತಿ? ಕಥೆ ಹೆಚ್ಚಾಗಿ ನಡೆಯುವುದು ಎಲ್ಲಿ? ಯಾವ ಲೆವೆಲ್‌ನಿಂದ ಯಾವ ಲೆವೆಲ್‌ವರೆಗೆ?

3.5 ಆವೃತ್ತಿಯಲ್ಲಿ, ಅದೂ ಕೆಳ ಲೆವೆಲ್‌ನಲ್ಲಿ ಮಾಂತ್ರಿಕನಾಗುವುದಿದ್ದರೆ ಬಲಶಾಲಿ ರೇಸ್ ಬಹುಪಾಲು ನಷ್ಟದ ವ್ಯಾಪಾರ. ಮನುಷ್ಯನೇ ಲೇಸು. ಐದನೇ ಆವೃತ್ತಿಯಲ್ಲಿ ಉತ್ತರ ಪುಸ್ತಕದಲ್ಲಿಲ್ಲ, ನಿಮ್ಮ ಕಥೆಯಲ್ಲಿದೆ. ಡ್ರೌ ಆಗಲೇಬೇಕೆಂಬ ಆಸೆ ಇದ್ದರೆ, ಬಿಸಿಲಿನ ನಿಯಮ ಎಷ್ಟು ಕಟ್ಟುನಿಟ್ಟು ಎಂಬುದನ್ನು ಎಲ್ಲರ ಎದುರೇ ಮಾತಾಡಿಕೊಳ್ಳಿ. ಬೆಲೆ ಎಷ್ಟೆಂದು ಎಲ್ಲರಿಗೂ ಮೊದಲೇ ಗೊತ್ತಿದ್ದರೆ ನಡುವೆ ಜಗಳಕ್ಕೆ ಜಾಗವಿರುವುದಿಲ್ಲ.