ಬಿಳಿ ಹುಡಿಯ ರಸಗಿಡಗಳು: ಬಗೆಗಳು ಮತ್ತು ಬೆಳೆಸುವ ಕ್ರಮ

ಕಂಬಂ ಕಣಿವೆಯ ರೈತನಿಗೆ ಹಣ್ಣಿನ ಮೇಲಿನ ಬಿಳಿ ಹುಡಿಯ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಪನ್ನೀರ್ ದ್ರಾಕ್ಷಿಯ ಗೊಂಚಲನ್ನು ನಾವು ತೊಟ್ಟು ಹಿಡಿದು ಕೊಯ್ಯುತ್ತೇವೆಯೇ ಹೊರತು ಹಣ್ಣನ್ನು ಬೆರಳಿನಿಂದ ಉಜ್ಜುವುದಿಲ್ಲ. ಹುಡಿ ಅಳಿಸಿಹೋದ ಗೊಂಚಲು ವ್ಯಾಪಾರಿಯ ಕಣ್ಣಿಗೆ ಹಳೆಯ ಮಾಲಿನಂತೆ ಕಾಣುತ್ತದೆ. ಈ ದ್ರಾಕ್ಷಿಯನ್ನು 1832ರಲ್ಲಿ ಫ್ರೆಂಚ್ ಪಾದ್ರಿಯೊಬ್ಬರು ತಮಿಳು ನಾಡಿಗೆ ತಂದರೆಂದು ಹೇಳುತ್ತಾರೆ. 2023ರಲ್ಲಿ ಇದಕ್ಕೆ ಕಂಬಂ ಹೆಸರಿನಲ್ಲೇ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಅದರ ಮೇಲಿನ ಹುಡಿ ಧೂಳೂ ಅಲ್ಲ, ಔಷಧದ ಕಲೆಯೂ ಅಲ್ಲ. ಹಣ್ಣಿನ ಸಿಪ್ಪೆಯೇ ತನ್ನ ರಕ್ಷಣೆಗೆಂದು ಹೊರಹಾಕುವ ಮೇಣ ಅದು.

ಇದೇ ಬಗೆಯ ಮೇಣವನ್ನು ಹೊದ್ದ ಸಣ್ಣ ಗಿಡಗಳು ಈಗ ನಮ್ಮ ಮನೆಗಳ ಕಿಟಕಿಗೂ ಜಗಲಿಗೂ ಬಂದಿವೆ. ಕೊಡೈಕಾನಲ್‌ಗೆ ಹೋಗಿಬಂದವರು ಒಂದೆರಡು ಕುಂಡ ತರುತ್ತಾರೆ. ಸಮಾಧಿಗಳ ಮೇಲೆ ಇಡಲೂ ದಿನವೂ ನೀರು ಕೇಳದ ಇಂಥ ಗಿಡ ಅನುಕೂಲ. ಆದರೆ ತಂದ ಕೆಲವೇ ತಿಂಗಳಲ್ಲಿ ಬಹಳಷ್ಟು ಗಿಡಗಳು ಕೊಳೆತುಹೋಗುತ್ತವೆ. ಕೆಲವು ಗಿಡಗಳ ಹಾಲಿನಿಂದ ಕಣ್ಣಿಗೂ, ಎಲೆಯಿಂದ ಆಡು ಕುರಿಗಳಿಗೂ ಅಪಾಯವುಂಟು. ಆದ್ದರಿಂದ ಈ ಗಿಡಗಳ ಸ್ವಭಾವ, ಬಗೆ, ಬೆಳೆಸುವ ಕ್ರಮ, ಎಚ್ಚರಿಕೆ ಇವಿಷ್ಟನ್ನು ಈ ಸಲ ತಿಳಿಯೋಣ.

ರಸಗಿಡದ ಸ್ವಭಾವ

ಎಲೆಯಲ್ಲೋ ಕಾಂಡದಲ್ಲೋ ನೀರನ್ನು ಕೂಡಿಟ್ಟುಕೊಳ್ಳುವ ಗಿಡಕ್ಕೆ ರಸಗಿಡ ಅಥವಾ ಸಕ್ಯುಲೆಂಟ್ ಎನ್ನುತ್ತಾರೆ. ನಮ್ಮ ಲೋಳೆಸರ, ಕತ್ತಾಳೆ, ಪಾಪಾಸುಕಳ್ಳಿ, ಕಾಡುಬಸಳೆ ಎಲ್ಲವೂ ಈ ಗುಂಪಿನವೇ. ಸಾಮಾನ್ಯ ಗಿಡಗಳು ಹಗಲಿನಲ್ಲಿ ಎಲೆಯ ಸಣ್ಣ ರಂಧ್ರಗಳನ್ನು ತೆರೆದು ಗಾಳಿಯಲ್ಲಿರುವ ಇಂಗಾಲಾಮ್ಲವನ್ನು ಒಳಗೆಳೆದುಕೊಳ್ಳುತ್ತವೆ. ಆಗ ನೀರೂ ಆವಿಯಾಗಿ ಹೋಗುತ್ತದೆ. ಹೆಚ್ಚಿನ ರಸಗಿಡಗಳು ಹಗಲು ಬಾಗಿಲು ಮುಚ್ಚಿ, ರಾತ್ರಿಯ ತಂಪಿನಲ್ಲಿ ತೆರೆಯುತ್ತವೆ. ರಾತ್ರಿ ಒಳಗೆ ಬಂದದ್ದನ್ನು ಹುಳಿಯಾಗಿ ಕೂಡಿಟ್ಟು, ಹಗಲು ಬಿಸಿಲಿನಲ್ಲಿ ಅದರಿಂದ ಆಹಾರ ಮಾಡಿಕೊಳ್ಳುತ್ತವೆ.

ಈ ಸಂಗತಿಯ ಸುಳಿವು ಸಿಕ್ಕಿದ್ದು ನಮ್ಮ ದೇಶದಲ್ಲೇ. ಮೊರಾವಿಯನ್ ಮಿಷನರಿಯಾಗಿ ತರಂಗಂಬಾಡಿಗೆ ಬಂದು, ಮುಂದೆ ಬೆಂಗಳೂರಿನ ಲಾಲ್‌ಬಾಗ್ ತೋಟದ ಹೊಣೆ ಹೊತ್ತಿದ್ದ ಬೆಂಜಮಿನ್ ಹೇನ್ ಎಂಬ ಸಸ್ಯಶಾಸ್ತ್ರಜ್ಞರು ಕಾಡುಬಸಳೆಯ ಎಲೆಯನ್ನು ದಿನದ ಬೇರೆ ಬೇರೆ ಹೊತ್ತಿನಲ್ಲಿ ಬಾಯಿಗೆ ಹಾಕಿ ನೋಡಿದರು. ಬೆಳಿಗ್ಗೆ ಹುಳಿ, ಮಧ್ಯಾಹ್ನ ಸಪ್ಪೆ, ಸಂಜೆ ತುಸು ಕಹಿ! ಇದನ್ನು ಅವರು 1813ರಲ್ಲಿ ಲಂಡನ್ನಿಗೆ ಪತ್ರದಲ್ಲಿ ಬರೆದು ತಿಳಿಸಿದರು. ಹಗಲೆಲ್ಲ ಬಾಗಿಲು ಮುಚ್ಚಿಕೊಂಡಿರುವ ಗಿಡಕ್ಕೆ ನೀರಿನ ಖರ್ಚು ಕಡಿಮೆ ಎಂಬುದನ್ನು ನೆನಪಿಟ್ಟುಕೊಂಡರೆ, ದಿನವೂ ನೀರು ಹಾಕಿ ಕೊಲ್ಲುವ ತಪ್ಪು ಆಗುವುದಿಲ್ಲ.

ಬಿಳುಪಿನ ನಾಲ್ಕು ಬಗೆ

ಎಲ್ಲ ಬಿಳಿ ಗಿಡಗಳ ಬಿಳುಪೂ ಒಂದೇ ಅಲ್ಲ. ಬಿಳುಪಿನ ಕಾರಣ ತಿಳಿದರೆ ಆರೈಕೆಯೂ ತಿಳಿಯುತ್ತದೆ.

1. ಮೇಣದ ಬಿಳುಪು: ದ್ರಾಕ್ಷಿಯಂತೆ ಎಲೆಯ ಮೇಲೆ ಮೇಣದ ಹುಡಿ ಇರುತ್ತದೆ. ಅದು ಸುಡುಬಿಸಿಲನ್ನು ಹಿಂದಕ್ಕೆ ಹೊಡೆಯುತ್ತದೆ, ನೀರು ಆವಿಯಾಗುವುದನ್ನು ತಡೆಯುತ್ತದೆ, ಮಳೆಹನಿ ಜಾರಿಹೋಗುವಂತೆ ಮಾಡುತ್ತದೆ. ಘೋಸ್ಟ್ ಪ್ಲಾಂಟ್ ಎಂದು ಮಾರುವ ಗ್ರಾಪ್ಟೊಪೆಟಲಂ ಪರಾಗ್ವೆಯೆನ್ಸ್ ಇದರಲ್ಲಿ ಮೊದಲನೆಯದು. ಹೆಸರಿನಲ್ಲಿ ಪರಾಗ್ವೆ ಇದ್ದರೂ ಇದು ಮೆಕ್ಸಿಕೋದ ಗಿಡ. ನೆರಳಿನಲ್ಲಿ ನೀಲಿ ಮಿಶ್ರಿತ ಬೂದು ಬಣ್ಣ, ಬಿಸಿಲಿನಲ್ಲಿ ತುಸು ಗುಲಾಬಿ. ಎಚೆವೇರಿಯ, ಮಡಗಾಸ್ಕರಿನ ಕಲಂಚೊ ಪುಮಿಲ, ದಕ್ಷಿಣ ಆಫ್ರಿಕದ ಕಾಟಿಲೆಡನ್ ಆರ್ಬಿಕ್ಯುಲೇಟ, ಕ್ಯಾಲಿಫೋರ್ನಿಯದ ಡಡ್ಲಿಯ ಇವೂ ಇದೇ ಬಗೆಯವು. ನಮ್ಮ ಹೊಲಗಳ ಬೇಲಿಯಲ್ಲಿ ಬೆಳೆಯುವ ದೊಡ್ಡ ಕತ್ತಾಳೆಯ ಬೂದು ಬಣ್ಣವೂ ಮೇಣದ್ದೇ.

2. ರೋಮದ ಬಿಳುಪು: ಎಲೆ ಅಥವಾ ಕಾಂಡವನ್ನು ಸಣ್ಣ ಬಿಳಿ ಕೂದಲು ಮುಚ್ಚಿರುತ್ತದೆ. ಮಡಗಾಸ್ಕರಿನ ಕಲಂಚೊ ಟೊಮೆಂಟೋಸ ಎಂಬ ಪಾಂಡ ಗಿಡ, ದಕ್ಷಿಣ ಆಫ್ರಿಕದ ಸೆನೆಸಿಯೊ ಹಾವರ್ತಿ, ಮೆಕ್ಸಿಕೋದ ‘ಮುದುಕನ ಕಳ್ಳಿ’ ಎಂಬ ಸೆಫಲೊಸೀರಿಯಸ್ ಸೆನಿಲಿಸ್ ಇದಕ್ಕೆ ಉದಾಹರಣೆ. ಮುದುಕನ ಕಳ್ಳಿಯ ಉದ್ದ ನರೆಗೂದಲನ್ನು ಕಂಡರೆ ಹೆಸರು ಹೇಗೆ ಬಂತೆಂದು ಕೇಳಬೇಕಾಗಿಲ್ಲ. ಆದರೆ ಕೂದಲಿನ ಕೆಳಗೆ ಮುಳ್ಳುಗಳಿವೆ, ಮಕ್ಕಳು ಸವರದಿರಲಿ.

3. ಚುಕ್ಕೆ, ಪಟ್ಟೆ ಮತ್ತು ಮುಳ್ಳಿನ ಬಿಳುಪು: ಹಾವರ್ತಿಯ ಗಿಡದ ಕಡುಹಸಿರು ಎಲೆಯ ಮೇಲೆ ಬಿಳಿ ಗುಳ್ಳೆಗಳು ಪಟ್ಟೆಯಂತೆ ಸಾಲಾಗಿರುತ್ತವೆ, ಜೀಬ್ರಾ ಗಿಡ ಎಂದು ಮಾರುತ್ತಾರೆ. ಲೋಳೆಸರದ ಮರಿಗಳ ಎಲೆಯಲ್ಲೂ ಬಿಳಿ ಚುಕ್ಕೆಗಳಿರುತ್ತವೆ. ಮಮಿಲೇರಿಯ ಎಂಬ ಗುಂಡು ಕಳ್ಳಿಗಳು ಬಿಳಿ ಮುಳ್ಳಿನಿಂದಲೇ ಬೆಳ್ಳಗೆ ಕಾಣುತ್ತವೆ.

4. ಹಸಿರು ಇಲ್ಲದ ಬಿಳುಪು: ‘ವೈಟ್ ಘೋಸ್ಟ್’ ಎಂಬ ಯೂಫೋರ್ಬಿಯ ಲ್ಯಾಕ್ಟಿಯದ ಕಾಂಡ ಬಹುಮಟ್ಟಿಗೆ ಹಸಿರನ್ನು ಕಳೆದುಕೊಂಡಿರುತ್ತದೆ. ಆಹಾರ ಮಾಡುವುದು ಹಸಿರೇ ಆದ್ದರಿಂದ ಇದು ಬಲು ನಿಧಾನವಾಗಿ ಬೆಳೆಯುತ್ತದೆ, ಬಿಸಿಲಿಗೆ ಬೇಗ ಸುಡುತ್ತದೆ. ಪೂರ್ತಿ ಹಸಿರಿಲ್ಲದ ಬಣ್ಣದ ಗುಂಡು ಕಳ್ಳಿಗಳನ್ನು ಮೂರು ಏಣಿನ ಹಸಿರು ಕಳ್ಳಿಗೆ ಕಸಿ ಕಟ್ಟಿ ಮಾರುತ್ತಾರೆ. ಕೆಳಗಿನ ಗಿಡ ದುಡಿದು ಮೇಲಿನದನ್ನು ಸಾಕಬೇಕು. ಅದಕ್ಕೆ ಆಯಸ್ಸು ಹೆಚ್ಚಿಲ್ಲ.

ಇನ್ನೊಂದು ಬಿಳುಪೂ ಉಂಟು: ಬಣ್ಣ ಬಳಿದದ್ದು. ಗಿಡಕ್ಕೆ ಬಣ್ಣ ಸಿಂಪಡಿಸಿ, ಕಳ್ಳಿಯ ತಲೆಗೆ ಒಣಗಿದ ಹೂ ಅಂಟಿಸಿ ಮಾರುವವರಿದ್ದಾರೆ. ಬುಡದ ಹಳೆಯ ಎಲೆಯನ್ನೂ ನಡುವಿನ ಎಳೆ ಎಲೆಯನ್ನೂ ನೋಡಿ. ಎಳೆಯದು ಹಸಿರಾಗಿದ್ದು ಉಳಿದದ್ದು ಸುಣ್ಣ ಬಳಿದಂತೆ ಒಂದೇ ಸಮ ಬೆಳ್ಳಗಿದ್ದರೆ ಕೊಳ್ಳಬೇಡಿ.

ರೋಗದ ಬಿಳುಪು

ಗಿಡದ ಸ್ವಂತ ಬಿಳುಪನ್ನು ರೋಗವೆಂದು ತಿಳಿದು ಒರೆಸುವವರೂ, ಕೀಟದ ಬಿಳುಪನ್ನು ಗಿಡದ ಅಂದವೆಂದು ಸುಮ್ಮನಿರುವವರೂ ಇದ್ದಾರೆ. ಗುರುತು ಹೀಗೆ: ಮೇಣ ಎಲೆಯ ಮೇಲೆಲ್ಲ ಸಮನಾಗಿ, ತೆಳುವಾಗಿ ಹರಡಿರುತ್ತದೆ. ಹಿಟ್ಟು ತಿಗಣೆ ಎಲೆಯ ಕಂಕುಳಲ್ಲಿ, ಎಲೆಯ ಅಡಿಯಲ್ಲಿ, ಬೇರಿನಲ್ಲಿ ಹತ್ತಿಯ ಉಂಡೆಯಂತೆ ಗುಂಪಾಗಿ ಕೂರುತ್ತದೆ; ಕಡ್ಡಿಯಿಂದ ಚುಚ್ಚಿದರೆ ಅಂಟು ರಸ ಬರುತ್ತದೆ, ಸುತ್ತ ಇರುವೆ ಓಡಾಡುತ್ತವೆ. ಕುಂಡದ ಹೊರಗೋಡೆಯಲ್ಲೂ ಮಣ್ಣಿನ ಮೇಲೂ ಕಾಣುವ ಬಿಳಿ ಪದರ ಕೊಳವೆಬಾವಿಯ ಗಡಸು ನೀರಿನ ಉಪ್ಪು. ಅದು ರೋಗವಲ್ಲ, ಆದರೆ ಹೆಚ್ಚಾದರೆ ಬೇರಿಗೆ ಕೆಡುಕು. ಮಳೆನೀರು ಸಿಕ್ಕಾಗ ಕುಂಡದ ತೂತಿನಿಂದ ಹರಿಯುವಷ್ಟು ಹಾಕಿ ತೊಳೆಯಬೇಕು.

ಬಿಳಿ ಕೀಟದ ಶಕ್ತಿ ಏನೆಂಬುದನ್ನು ನಮ್ಮ ನಾಡು ಎರಡು ಸಲ ಕಂಡಿದೆ. ದಕ್ಷಿಣ ಭಾರತದ ಹೊಲ ಗದ್ದೆಗಳನ್ನು ನುಂಗುತ್ತಿದ್ದ ಪಾಪಾಸುಕಳ್ಳಿಯನ್ನು ಅಡಗಿಸಲು 1926ರಲ್ಲಿ ಸಿಂಹಳದಿಂದ ಕೊಚಿನೀಲ್ ಜಾತಿಯ ಬಿಳಿ ಹುಡಿಯ ಕೀಟವನ್ನು ತರಿಸಿದರು. ಕೆಲವೇ ವರ್ಷಗಳಲ್ಲಿ ಕಳ್ಳಿ ಸೋತಿತು. ಅಲ್ಲಿ ಕೀಟ ರೈತನ ಮಿತ್ರ. 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡ ಪಪ್ಪಾಯಿಯ ಹಿಟ್ಟು ತಿಗಣೆ ಪಪ್ಪಾಯಿ, ಹಿಪ್ಪುನೇರಳೆ, ಮರಗೆಣಸುಗಳನ್ನು ಹಾಳುಮಾಡಿತು. 2010ರಲ್ಲಿ ಪೋರ್ಟೊರಿಕೋದಿಂದ ತರಿಸಿದ ಸಣ್ಣ ಪರಾವಲಂಬಿ ಕಣಜದಿಂದಲೇ ಅದು ಹತೋಟಿಗೆ ಬಂತು. ಅಲ್ಲಿ ಕೀಟ ಶತ್ರು. ಆದ್ದರಿಂದ ಹೊಸ ಕುಂಡ ತಂದರೆ ಮೂರು ವಾರ ಬೇರೆ ಗಿಡಗಳಿಂದಲೂ ದ್ರಾಕ್ಷಿ ಚಪ್ಪರದಿಂದಲೂ ದೂರ ಇಟ್ಟು ನೋಡುವುದು ಒಳ್ಳೆಯದು.

ತಿಗಣೆ ಕಂಡರೆ ಹತ್ತಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ ಕೀಟ ಇರುವ ಜಾಗಕ್ಕೆ ಮಾತ್ರ ಮುಟ್ಟಿಸಿ ತೆಗೆಯಬೇಕು. ವಾರಕ್ಕೊಮ್ಮೆ, ಮೂರು ನಾಲ್ಕು ಸಲ. ಬೇವಿನ ಎಣ್ಣೆ ಬೇರೆ ಗಿಡಗಳಿಗೆ ಒಳ್ಳೆಯದೇ, ಆದರೆ ಮೇಣದ ಗಿಡದ ಮೇಲೆ ಸಿಂಪಡಿಸಿದರೆ ಬಿಳುಪು ಕರಗಿಹೋಗುತ್ತದೆ.

ಬೆಳೆಸುವ ಕ್ರಮ

ಗಿಡದ ಆಯ್ಕೆ: ಕೊಡೈಕಾನಲ್ ಸುಮಾರು 2,100 ಮೀಟರ್ ಎತ್ತರದಲ್ಲಿದೆ, ಅಲ್ಲಿ ರಾತ್ರಿ ತಂಪು. ಅಲ್ಲಿ ಚೆನ್ನಾಗಿ ಬೆಳೆದ ಎಚೆವೇರಿಯ ನಮ್ಮ ಕಣಿವೆಯ ಏಪ್ರಿಲ್, ಮೇ ತಿಂಗಳ ಬಿಸಿ ರಾತ್ರಿಗಳಲ್ಲಿ ಬಳಲುತ್ತದೆ. ಡಡ್ಲಿಯ ಚಳಿಗಾಲದಲ್ಲಿ ಬೆಳೆದು ಬೇಸಿಗೆಯಲ್ಲಿ ಮಲಗುವ ಗಿಡ, ನಮಗೆ ಹೊಂದದು. ಕಂಬಂ, ತೇನಿ, ದಿಂಡುಕಲ್ಲಿನ ಬಯಲಿಗೆ ಘೋಸ್ಟ್ ಪ್ಲಾಂಟ್, ಪಾಂಡ ಗಿಡ, ಹಾವರ್ತಿಯ, ಲೋಳೆಸರ, ಮಮಿಲೇರಿಯ ಸೂಕ್ತ.

ಕುಂಡ ಮತ್ತು ಮಣ್ಣು: ತಳದಲ್ಲಿ ತೂತಿರುವ ಮಣ್ಣಿನ ಕುಂಡವೇ ಉತ್ತಮ. ಗಿಡಕ್ಕಿಂತ ಬಹಳ ದೊಡ್ಡ ಕುಂಡ ಬೇಡ. ಬೇರು ಮುಟ್ಟದ ಮಣ್ಣು ಒದ್ದೆಯಾಗಿಯೇ ಉಳಿಯುತ್ತದೆ. ಒಂದು ಪಾಲು ಕೆಮ್ಮಣ್ಣು, ಎರಡು ಪಾಲು ದಪ್ಪ ಮರಳು ಅಥವಾ ಇಟ್ಟಿಗೆಯ ಸಣ್ಣ ಚೂರು, ಒಂದು ಪಾಲು ಚೆನ್ನಾಗಿ ಕಳಿತ ಗೊಬ್ಬರ, ಒಂದು ಹಿಡಿ ಇದ್ದಿಲ ಚೂರು. ಹೊಲದ ಕಪ್ಪು ಜೇಡಿಮಣ್ಣು ಬೇಡ. ನೀರು ಹಾಕಿದರೆ ಕೂಡಲೇ ತಳದಿಂದ ಇಳಿಯಬೇಕು.

ನೀರು: ಒಣ ಕಡ್ಡಿಯನ್ನು ಕುಂಡದೊಳಕ್ಕೆ ಇಳಿಸಿ ತೆಗೆದು ನೋಡಿ. ಕಡ್ಡಿಗೆ ಒದ್ದೆ ಮಣ್ಣು ಅಂಟಿದರೆ ನೀರು ಬೇಡ. ಬೇಸಿಗೆಯಲ್ಲಿ ಸುಮಾರು ವಾರಕ್ಕೊಮ್ಮೆ, ಮಳೆ ಚಳಿಯ ದಿನಗಳಲ್ಲಿ ಹದಿನೈದು ದಿನಕ್ಕೊಮ್ಮೆ ಸಾಕಾಗಬಹುದು. ನೀರನ್ನು ಬುಡಕ್ಕೆ ಹಾಕಿ, ಎಲೆಯ ಮೇಲೆ ಬೇಡ. ಎಲೆ ತುಸು ಸುಕ್ಕಾದರೆ ಬಾಯಾರಿಕೆ. ಎಲೆ ಮೆತ್ತಗಾಗಿ ಗಾಜಿನಂತೆ ಪಾರದರ್ಶಕವಾದರೆ ನೀರು ಹೆಚ್ಚಾಗಿದೆ.

ಬಿಸಿಲು ಮತ್ತು ಕಾಲ: ಬೆಳಗಿನ ಬಿಸಿಲು ನಾಲ್ಕು ಗಂಟೆ ಇರಲಿ, ಮಧ್ಯಾಹ್ನ ನೆರಳಿರಲಿ. ಬೆಳಕು ಕಡಿಮೆಯಾದರೆ ಗಿಡ ಉದ್ದಕ್ಕೆ ಸೊರಗಿ ಬೆಳೆದು ಬಿಳುಪೂ ಕುಂದುತ್ತದೆ. ಹಾವರ್ತಿಯಕ್ಕೆ ಮಾತ್ರ ನೇರ ಬಿಸಿಲು ಬೇಡ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಣಿವೆಯಲ್ಲಿ ಬೀಸುವ ಬಿರುಗಾಳಿ ಕುಂಡ ಉರುಳಿಸುತ್ತದೆ, ಧೂಳು ಕೂರಿಸುತ್ತದೆ, ಗೋಡೆಯ ಮರೆಯಲ್ಲಿಡಿ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಹಿಂಗಾರಿನಲ್ಲಿ ಸೂರಿನ ಕೆಳಗೆ ಸರಿಸಿ. ಸಮಾಧಿಯ ಮೇಲೆ ಇಡುವವರು ನವೆಂಬರ್ 2 ಮಳೆಯ ನಡುವೆಯೇ ಬರುವುದೆಂದು ನೆನಪಿಟ್ಟು, ಮೂರು ಪಾಲು ಮರಳಿನ ಮಣ್ಣು ಬಳಸಲಿ.

ಮುಟ್ಟುವ ರೀತಿ: ಬಲಿತ ಎಲೆಯ ಮೇಣ ಒಮ್ಮೆ ಅಳಿಸಿದರೆ ಮತ್ತೆ ಮೊದಲಿನಂತಾಗುವುದಿಲ್ಲ. ಗಿಡವನ್ನು ಬುಡದಲ್ಲಿ ಹಿಡಿದು ಎತ್ತಿ. ಧೂಳನ್ನು ಬಾಯಿಂದ ಊದಿ ತೆಗೆಯಿರಿ, ಬಟ್ಟೆಯಿಂದ ಒರೆಸಬೇಡಿ.

ಮರಿ ಮಾಡುವುದು: ಘೋಸ್ಟ್ ಪ್ಲಾಂಟಿನ ಬಲಿತ ಎಲೆಯನ್ನು ಮೆಲ್ಲಗೆ ಪಕ್ಕಕ್ಕೆ ತಿರುಗಿಸಿದರೆ ಬುಡಸಹಿತ ಬಿಡುತ್ತದೆ. ಅರ್ಧ ಮುರಿದ ಎಲೆ ಚಿಗುರದು. ಎಲೆಯನ್ನು ಮೂರರಿಂದ ಐದು ದಿನ ನೆರಳಿನಲ್ಲಿಟ್ಟು ಗಾಯ ಒಣಗಿಸಿ, ಮರಳಿನ ಮೇಲೆ ಸುಮ್ಮನೆ ಮಲಗಿಸಿ. ಎರಡು ಮೂರು ವಾರಗಳಲ್ಲಿ ಬೇರೂ ಸಣ್ಣ ಮರಿಯೂ ಬರುತ್ತವೆ. ಆಮೇಲೆ ನೀರು ಚಿಮುಕಿಸಿ. ಲೋಳೆಸರ, ಹಾವರ್ತಿಯಗಳ ಬುಡದ ಮರಿಗಳನ್ನು ಬೇರುಸಹಿತ ಬೇರ್ಪಡಿಸಿ ನೆಡಬಹುದು.

ಆರೋಗ್ಯದ ಎಚ್ಚರಿಕೆ

ಕಣ್ಣು: ವೈಟ್ ಘೋಸ್ಟ್ ಸೇರಿದಂತೆ ಹಾಲು ಬರುವ ಎಲ್ಲ ಕಳ್ಳಿಗಳ ಹಾಲೂ ಕಣ್ಣಿಗೆ ವಿಷ. ಕತ್ತರಿಸುವಾಗ ಕೈಗವಸು ಹಾಕಿ, ಮುಖ ಮುಟ್ಟಬೇಡಿ. ಕಣ್ಣಿಗೆ ಬಿದ್ದರೆ ಕೂಡಲೇ ಶುದ್ಧ ನೀರಿನಿಂದ ಹದಿನೈದು ಇಪ್ಪತ್ತು ನಿಮಿಷ ಬಿಡದೆ ತೊಳೆದು, ತೇನಿಯ ಅರವಿಂದ ಕಣ್ಣಿನ ಆಸ್ಪತ್ರೆಗೋ ಹತ್ತಿರದ ಕಣ್ಣಿನ ವೈದ್ಯರಲ್ಲಿಗೋ ಅಂದೇ ಹೋಗಿ. ಎದೆಹಾಲು, ಎಣ್ಣೆ ಬಿಟ್ಟುಕೊಂಡು ಮನೆಯಲ್ಲಿ ಕಾಯಬೇಡಿ. ಕಾದರೆ ದೃಷ್ಟಿಯೇ ಹೋಗಬಹುದು.

ಹೆಸರಿನ ಗೊಂದಲ: ನಮ್ಮಲ್ಲಿ ಮನೆಯೊಳಗೆ ಕನ್ನಡ, ಪೇಟೆಯಲ್ಲಿ ತಮಿಳು. ತಮಿಳಿನಲ್ಲಿ ಲೋಳೆಸರಕ್ಕೆ ಸೋತ್ತುಕತ್ತಾಳೈ, ಬೇಲಿಯ ದೊಡ್ಡ ಕತ್ತಾಳೆಗೆ ಆನೈಕತ್ತಾಳೈ. ಬರೀ ‘ಕತ್ತಾಳೈ’ ಎಂದು ಕೇಳಿದರೆ ಯಾವುದು ಕೈಗೆ ಬರುವುದೋ! ದೊಡ್ಡ ಕತ್ತಾಳೆಯ ರಸ ಮೈಗೆ ಹಚ್ಚಿದರೆ ಉರಿ, ಗುಳ್ಳೆ. ಲೋಳೆಸರದ ಎಲೆ ಸುಲಭವಾಗಿ ಮುರಿಯುತ್ತದೆ, ಒಳಗೆ ತಿಳಿಯಾದ ಲೋಳೆ. ಕತ್ತಾಳೆಯ ತುದಿಯಲ್ಲಿ ಸೂಜಿಯಂಥ ಗಟ್ಟಿ ಮುಳ್ಳು, ಒಳಗೆಲ್ಲ ನಾರು. ಲೋಳೆಸರದ ಸಿಪ್ಪೆಯಡಿಯ ಹಳದಿ ರಸವೂ ಬೇಧಿ ಮಾಡಿಸುವಂಥದು. ಬಸುರಿಯರು ಅದನ್ನು ಸೇವಿಸಬಾರದು.

ಜಾನುವಾರು: ಕಲಂಚೊ, ಕಾಟಿಲೆಡನ್ ಜಾತಿಯ ಎಲೆಗಳಲ್ಲಿ ಹೃದಯಕ್ಕೆ ತಾಗುವ ವಿಷವಿದೆ. ದಕ್ಷಿಣ ಆಫ್ರಿಕದಲ್ಲಿ ಕಾಟಿಲೆಡನ್ ತಿಂದು ಆಡು ಕುರಿಗಳು ಸಾಯುವುದು ಹಳೆಯ ಪಿಡುಗು. ಕತ್ತರಿಸಿ ತೆಗೆದ ತುಂಡುಗಳನ್ನು ಆಡು ಮೇಯುವ ಕಡೆ ಎಸೆಯಬೇಡಿ. ಕಾಡುಬಸಳೆಯೂ ಕಲಂಚೊ ಜಾತಿಯದೇ. ಮೂತ್ರಕೋಶದ ಕಲ್ಲಿಗೆಂದು ವೈದ್ಯರನ್ನು ಕೇಳದೆ ದಿನವೂ ತಿನ್ನುವುದು ಸರಿಯಲ್ಲ.

ಸೊಳ್ಳೆ: ಕುಂಡದ ಕೆಳಗಿನ ತಟ್ಟೆಯಲ್ಲಿ ನಿಂತ ನೀರು ಡೆಂಗ್ಯೂ ಸೊಳ್ಳೆಯ ತೊಟ್ಟಿಲು. ಈ ಗಿಡಗಳಿಗೆ ತಟ್ಟೆಯೇ ಬೇಡ. ಇಟ್ಟಿದ್ದರೆ ವಾರಕ್ಕೊಮ್ಮೆ ಚೆಲ್ಲಿ ಉಜ್ಜಿ ತೊಳೆಯಿರಿ.

ಕಾಡಿನಿಂದ ಕೀಳಬೇಡಿ

ಅಂದದ ಬಿಳಿ ಗಿಡಕ್ಕೆ ಬೇಡಿಕೆ ಬಂದಾಗ ಕಾಡಿನ ಗಿಡಕ್ಕೆ ಕುತ್ತು ಬರುತ್ತದೆ. ಕ್ಯಾಲಿಫೋರ್ನಿಯದ ಕಡಲತೀರದ ಬಂಡೆಗಳಿಂದ ಸಾವಿರಾರು ಡಡ್ಲಿಯ ಗಿಡಗಳನ್ನು ಕಿತ್ತು ಹೊರದೇಶಕ್ಕೆ ಸಾಗಿಸುತ್ತಿದ್ದವರು 2018ರಲ್ಲಿ ಸಿಕ್ಕಿಬಿದ್ದರು. 2021ರಲ್ಲಿ ಅಲ್ಲಿನ ಸರ್ಕಾರ ಇದಕ್ಕೆಂದೇ ಕಾನೂನು ಮಾಡಬೇಕಾಯಿತು. ನಮ್ಮ ಮೇಘಮಲೈ ಕೂಡ 2021ರಿಂದ ಶ್ರೀವಿಲ್ಲಿಪುತ್ತೂರು–ಮೇಘಮಲೈ ಹುಲಿ ಸಂರಕ್ಷಿತ ಪ್ರದೇಶ. ಅಲ್ಲಿಂದ ಗಿಡ ಕೀಳುವುದು ಅಪರಾಧ. ಬಂಡೆಯ ಸಂದಿಯಲ್ಲಿ ಹಲವು ವರ್ಷ ತೆಗೆದುಕೊಂಡು ಬೆಳೆದ ಗಿಡ ನಮ್ಮ ಕುಂಡದಲ್ಲಿ ಒಂದು ಮಳೆಗಾಲವನ್ನೂ ದಾಟದಿರಬಹುದು.

ಕೊಳ್ಳಲು ಹಣವೂ ಬೇಕಾಗಿಲ್ಲ. ನೆರೆಮನೆಯವರಿಂದ ಘೋಸ್ಟ್ ಪ್ಲಾಂಟಿನ ನಾಲ್ಕು ಎಲೆ ಕೇಳಿ ತನ್ನಿ. ಮಕ್ಕಳ ಕೈಯಿಂದಲೇ ಮರಳಿನ ಮೇಲೆ ಇಡಿಸಿ, ಕಡ್ಡಿ ಇಳಿಸಿ ನೋಡುವುದನ್ನು ಕಲಿಸಿ. ಗಿಡ ಬೆಳೆದ ಮೇಲೆ ನೀವೂ ನಾಲ್ಕು ಎಲೆ ಇನ್ನೊಬ್ಬರಿಗೆ ಕೊಡಿ; ಕೊಡುವಾಗ ಮೇಲಿನ ಎಚ್ಚರಿಕೆಗಳನ್ನೂ ಜೊತೆಗೆ ಹೇಳಿ.